ರಾಘವರ ಪಠಾಣ, ಜಲಾಂತರ್ಗಾಮಿಯ ಕಿವಿ

ಚಾರಿತ್ರಿಕ ಪಾತ್ರವೆಂದರೆ ಕಿರೀಟ, ಕತ್ತಿ, ಗಟ್ಟಿ ದನಿ ಎಂದುಕೊಂಡವರಿಗೆ ನಾನು ಬಳ್ಳಾರಿ ರಾಘವರ ಹೆಸರು ಹೇಳುತ್ತೇನೆ. ವೃತ್ತಿಯಿಂದ ವಕೀಲರು. ಕೋಲಾಚಲಂ ಶ್ರೀನಿವಾಸರಾಯರು ವಿಜಯನಗರದ ಪತನದ ಬಗ್ಗೆ ಬರೆದ ತೆಲುಗು ನಾಟಕದಲ್ಲಿ ಪಠಾಣ ರುಸ್ತುಂ ಆಗಿ ಹೆಸರಾದವರು. ಹಾರ್ಮೋನಿಯಂ ಜೊತೆ ಪದ್ಯವನ್ನು ಎಳೆದೆಳೆದು ಹಾಡಿ ‘ಒನ್ಸ್ ಮೋರ್’ ಗಿಟ್ಟಿಸುತ್ತಿದ್ದ ಕಾಲದಲ್ಲಿ ಅವರು ರಾಗಕ್ಕಿಂತ ಭಾವಕ್ಕೆ ಬೆಲೆ ಕೊಟ್ಟರು; ಸ್ತ್ರೀಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ಹಟ ಹಿಡಿದರು. ಎಂಥ ಧೈರ್ಯ! 1939ರ ‘ರೈತುಬಿಡ್ಡ’ ಚಿತ್ರದಲ್ಲಿ ಅದೇ ಕಲಾವಿದರು ಕ್ಯಾಮೆರಾ ಮುಂದೆ ರೈತನಾಗಿ ನಿಂತರು.

ಆ ಸಹಜತೆಯ ತುತ್ತತುದಿಯನ್ನು ನಾನು ಕಂಡಿದ್ದು ಜಲಾಂತರ್ಗಾಮಿಯೊಂದರ ಒಳಗೆ ನಡೆಯುವ 1981ರ ಜರ್ಮನ್ ಯುದ್ಧಚಿತ್ರ ‘ದಾಸ್ ಬೂಟ್’ನಲ್ಲಿ. ಮುಖ ಬಿಳಿಚಿಕೊಂಡಂತೆ ಕಾಣಲೆಂದು ನಟರನ್ನು ಬಿಸಿಲಿಗೇ ಬಿಡಲಿಲ್ಲವಂತೆ. ಛಾಯಾಗ್ರಾಹಕ ಯೋಸ್ಟ್ ವಾಕಾನೊ ಹೆಲ್ಮೆಟ್ ತೊಟ್ಟು, ಕ್ಯಾಮೆರಾ ಕೈಯಲ್ಲಿ ಹಿಡಿದು ಆ ಇಕ್ಕಟ್ಟಿನ ಸೆಟ್ಟಿನಲ್ಲಿ ನಟರ ಹಿಂದೆ ಓಡಿದರು. ಶತ್ರು ಹಡಗು ತಲೆಯ ಮೇಲೆ ಹಾದುಹೋಗುವಾಗ ಯಾರೂ ಮಾತಾಡುವುದಿಲ್ಲ. ಕಣ್ಣು ಮೇಲಕ್ಕೆ, ಉಸಿರು ಅರ್ಧಕ್ಕೆ, ಗಡ್ಡದಲ್ಲಿ ಬೆವರು. ಬರೀ ಕಿವಿಯಿಂದ ನಟಿಸುವುದೆಂದರೆ ಇದು! ಸಿರುಗುಪ್ಪ, ಕುರುಗೋಡು ಕಡೆ ನಾಟಕ ಕಲಿಯುತ್ತಿರುವ ಹುಡುಗರು ಆ ದೃಶ್ಯವನ್ನೊಮ್ಮೆ ನೋಡಲಿ, ಆಮೇಲೆ ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ಬಣ್ಣ ಹಚ್ಚಲಿ.