ಕಾರ್ಡ್ ರೋಡಿನ ಎಚ್

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಬೆಳೆದವರಿಗೆ ಒಂದು ಇಂಗ್ಲಿಷ್ ಪದ ಮನೆಯ ವಿಳಾಸದ ಜೊತೆಗೇ ಬಂದಿರುತ್ತದೆ: ಕಾರ್ಡ್ ರೋಡು. ಕನ್ನಡದಲ್ಲಿ ಬರೆದರೆ ರೇಷನ್ ಕಾರ್ಡಿನ ಕಾರ್ಡೂ ಅದೇ, ರಸ್ತೆಯ ಕಾರ್ಡೂ ಅದೇ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಪೆನ್ನು ತಡೆಯುತ್ತದೆ. ನಾನು ಐದನೇ ಕ್ಲಾಸಿನಲ್ಲಿ, ಎಬಿಸಿಡಿ ಕಲಿತ ಹೊಸತರಲ್ಲಿ, ಅಜ್ಜಿಗೆ ಬರೆದ ಇನ್‌ಲ್ಯಾಂಡ್ ಲೆಟರಿನ ಹಿಂಬದಿಗೆ ನಮ್ಮ ವಿಳಾಸ ಬರೆದೆ. ಅಪ್ಪ ನೋಡಿ, "ಎಲ್ಲಾ ಸರಿ, ಎಚ್ ಒಂದು ಬಿಟ್ಟಿದ್ದೀಯ" ಅಂದರು. ಕೇಳಿಸದ ಎಚ್ ಯಾಕೆ ಬೇಕು ಅಂದೆ. ಅವರು ನನ್ನ ಅಂಗೈ ಹಿಡಿದು ಅದರ ಮೇಲೆ ಬೆರಳಲ್ಲಿ ಒಂದು ವೃತ್ತ ಎಳೆದರು. "ಇದು ಬೆಂಗಳೂರು. ಮೇಲೆ ತುಮಕೂರು ರಸ್ತೆ, ಕೆಳಗೆ ಮೈಸೂರು ರಸ್ತೆ. ಮೆಜೆಸ್ಟಿಕ್ಕಿಗೆ ಹೋಗದೆ ಇಲ್ಲಿಂದ ಇಲ್ಲಿಗೆ ಒಂದು ಗೆರೆ ಎಳೆದರೆ ಅದು ನಮ್ಮ ರೋಡು. ಮುಂದೆ ನಿನ್ನ ಲೆಕ್ಕದ ಪುಸ್ತಕದಲ್ಲೂ ಬರುತ್ತೆ, ಜ್ಯಾ ಅಂತ."

ಹೈಸ್ಕೂಲಿನಲ್ಲಿ ಜ್ಯಾ ಬಂತು. ಜ್ಯಾ ಅಂದರೆ ಬಿಲ್ಲಿನ ಹೆದೆ. ಎಚ್‌ನ ಗುಟ್ಟು ಸಿಕ್ಕಿದ್ದು ಇನ್ನೂ ತಡವಾಗಿ, ನಿಘಂಟಿನಲ್ಲಿ. ಗ್ರೀಕಿನ ಖೋರ್ಡೆ ಎಂದರೆ ಕರುಳಿನಿಂದ ಹೊಸೆದ ತಂತಿ. ಅದು ಲ್ಯಾಟಿನ್ನಿಗೆ ಹೋಗಿ, ಫ್ರೆಂಚಿನಲ್ಲಿ ಎಚ್ ಕಳೆದುಕೊಂಡು, ಹಗ್ಗ ಎನ್ನುವ ಅರ್ಥದಲ್ಲಿ ಇಂಗ್ಲಿಷಿಗೆ ಬಂತು. 16ನೇ ಶತಮಾನದ ಪಂಡಿತರು ಹಳೆಯ ಮೂಲವನ್ನು ನೆನೆದು ರೇಖಾಗಣಿತದ ಪದಕ್ಕೆ ಎಚ್ಚನ್ನು ವಾಪಸು ತಂದರು. ಹಗ್ಗಕ್ಕೆ ಎಚ್ ಇಲ್ಲ, ವೃತ್ತದ ಗೆರೆಗೆ ಇದೆ. ಅವರು ಆ ಗೆರೆಯಲ್ಲಿ ತಂತಿ ಕಂಡರು, ನಮ್ಮವರು ಹೆದೆ ಕಂಡರು. ಎರಡೂ ಬಿಗಿದು ಕಟ್ಟಿದ ದಾರವೇ, ಮೀಟಿದರೆ ಎರಡೂ ನುಡಿಯುತ್ತವೆ. ಇದು ಗೊತ್ತಾದ ಮೇಲೆ ನಾನು ಆ ಎಚ್ ಬಿಟ್ಟದ್ದಿಲ್ಲ.

ಜ್ಯಾ ಅಲ್ಲಿಗೇ ನಿಲ್ಲಲಿಲ್ಲ ಎನ್ನುವುದು ಇನ್ನೂ ಸೊಗಸು. ಆರ್ಯಭಟನ ಗಣಿತದ ಈ ಪದ ಅರಬರ ಬಾಯಲ್ಲಿ ಜೀಬಾ ಆಯಿತು. ಅರಬ್ಬಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ಮುಂದೆ ಅದನ್ನು ಜೈಬ್ ಎಂದು ಓದಿಕೊಂಡರು. ಜೈಬ್ ಎಂದರೆ ಮಡಿಲು, ಉಡುಪಿನ ಮಡಿಕೆ. 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ತಂದವರು ಅದೇ ಅರ್ಥದ ಸೈನಸ್ ಎಂಬ ಪದ ಇಟ್ಟರು. ಇವತ್ತು ನಮ್ಮ ಮಕ್ಕಳು ಬರೆಯುವ ಸೈನ್ ತೀಟಾದ ಸೈನ್ ಅದೇ. ಓದುವಾಗ ಜಾರಿದ ಒಂದು ಕಾಗುಣಿತ ಎಂಟು ಶತಮಾನ ದಾಟಿ ಮನೆಗೆ ಮರಳಿ ಬಂದಿದೆ.

ಕನ್ನಡ ಮಾಧ್ಯಮದ ನಾವು ಸ್ಪೆಲಿಂಗನ್ನು ಕಲಿತದ್ದು ಬಾಯಿಂದ. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ, ಮಗ್ಗಿ ಮುಗಿದರೆ ಸ್ಪೆಲಿಂಗು. ಅಮ್ಮ ಒಗ್ಗರಣೆ ಹಾಕುತ್ತಲೇ ಪದ ಕೇಳುವಳು, ನಾವು ಹಜಾರದಿಂದ ಕೂಗುವೆವು. ಡಬ್ಲ್ಯು ಇ ಡಿ, ಎನ್ ಇ ಎಸ್, ಡಿ ಎ ವೈ: ವೆಡ್-ನೆಸ್-ಡೇ. ಬರೆದದ್ದನ್ನೆಲ್ಲ ಉಚ್ಚರಿಸುವುದು ಕನ್ನಡದ ನಾಲಿಗೆಯ ಗುಣ. ಇಂಗ್ಲಿಷರು ನುಂಗಿಬಿಟ್ಟ ಡಿ ಅಕ್ಷರವನ್ನು ಅಮ್ಮನ ಅಡುಗೆಮನೆಯಲ್ಲಿ ನಾವು ದಿನವೂ ಗಟ್ಟಿಯಾಗಿ ಹೇಳುತ್ತಿದ್ದೆವು. ಆ ಡಿ ವೋಡನ್ ಎಂಬ ಅವರ ಹಳೆಯ ದೇವರದು. ರೋಮನ್ನರ ಮರ್ಕ್ಯುರಿಗೆ ಅವನನ್ನು ಸಮ ಹಿಡಿದು ಆ ವಾರಕ್ಕೆ ಅವನ ಹೆಸರಿಟ್ಟರು. ಮರ್ಕ್ಯುರಿ ನಮಗೆ ಬುಧ. ಬುಧವಾರವೆಂದು ಹೇಳಿದಾಗಲೂ ವೆಡ್-ನೆಸ್-ಡೇ ಎಂದು ಕೂಗಿದಾಗಲೂ ನಾವು ಒಂದೇ ಬಾಗಿಲು ತಟ್ಟುತ್ತಿದ್ದೆವು.

ಹಂಪಿನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಚೀಲ ಹೊತ್ತು ಬರುತ್ತಾರೆ. ಅವರು ಉಳಿದುಕೊಳ್ಳುವ ವಿಜಯನಗರದ ಪೀಜಿಗಳ ಬೋರ್ಡಿನಲ್ಲಿ ಅಕಾಮಡೇಷನ್ ಎಂಬ ಪದ ಹಲವು ರೂಪದಲ್ಲಿದೆ. ಕೆಲವೆಡೆ ಸಿ ಒಂದೇ, ಕೆಲವೆಡೆ ಎಂ ಒಂದೇ. ನಾವು ಕಲಿತದ್ದು ಹೀಗೆ: ಎ, ಡಬಲ್ ಸಿ, ಒ, ಡಬಲ್ ಎಂ, ಒ, ಡಿ, ಎ, ಟಿ, ಐ, ಒ, ಎನ್. ಎರಡು ಡಬಲ್‌ಗಳ ಮೇಲೆ ಕೈ ತಾನಾಗಿ ತೊಡೆ ತಟ್ಟುತ್ತದೆ. ಆ ಜೋಡಿ ಅಕ್ಷರಗಳ ಕಾರಣ ಕನ್ನಡ ವ್ಯಾಕರಣ ಓದಿದವರಿಗೆ ಹೊಸದೇನಲ್ಲ. ಲ್ಯಾಟಿನ್ನಿನ ಅಡ್, ಕಾಮ್, ಮೋಡಸ್ ಎಂಬ ಮೂರು ತುಂಡು ಕೂಡಿದ ಪದವದು, ಮೋಡಸ್ ಎಂದರೆ ಅಳತೆ. ಮುಂದಿನ ಕಕಾರಕ್ಕೆ ಸೋತು ಡಕಾರವೂ ಕಕಾರವಾಯಿತು, ಎರಡು ಮಕಾರ ಎದುರಾಗಿ ಒತ್ತಾಯಿತು. ಸತ್ ಮತ್ತು ಜನ ಸೇರಿ ಸಜ್ಜನ ಆದ ಹಾಗೆ. ಸಂಧಿ ಬಿಡಿಸಿ ನೋಡಿದವರು ಈ ಪದದಲ್ಲಿ ಎಂದೂ ಎಡವುವುದಿಲ್ಲ.

ಸದ್ದು ಅಡಗಿದ ಅಕ್ಷರಗಳ ವಿಷಯದಲ್ಲಿ ಕನ್ನಡ ಬೇರೆ ದಾರಿ ಹಿಡಿಯಿತು, ಅದೂ ನನಗೆ ಪ್ರಿಯ. ಹಳಗನ್ನಡದಲ್ಲಿ ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ೞ ಎಂಬ ಧ್ವನಿ ಬಾಯಿಂದ ಮರೆಯಾದ ಮೇಲೆ ಕನ್ನಡ ಆ ಅಕ್ಷರವನ್ನೂ ಕಳಿಸಿಕೊಟ್ಟಿತು. ಬದುಕೂ ಕತ್ತಿಯೂ ಒಂದೇ ಬಾಳು ಆದವು. ಇಂಗ್ಲಿಷಿನಲ್ಲಿ ನೈಟ್ ಎಂಬ ಯೋಧನ ಕೆ ಅಕ್ಷರದ ಸದ್ದು 17ನೇ ಶತಮಾನದ ಹೊತ್ತಿಗೆ ಅಡಗಿಹೋಯಿತು, ಆದರೂ ಬರಹದಲ್ಲಿ ಅದರ ಮಣೆ ಹಾಗೇ ಇದೆ. ತೀರಿಕೊಂಡ ಹಿರಿಯರಿಗೂ ಎಲೆ ಹಾಕುವ ಮನೆ ಅದು.

ಅಪ್ಪ ಅಂಗೈ ಮೇಲೆ ಎಳೆದ ಗೆರೆ ನನಗೆ ಮತ್ತೆ ನೆನಪಾದದ್ದು 2009ರಲ್ಲಿ. ಅಮೆರಿಕದ ಸ್ಕ್ರಿಪ್ಸ್ ನ್ಯಾಷನಲ್ ಸ್ಪೆಲಿಂಗ್ ಬೀ ಸ್ಪರ್ಧೆಯ ವೇದಿಕೆಯಲ್ಲಿ 13 ವರ್ಷದ ಕಾವ್ಯಾ ಶಿವಶಂಕರ್ ಪ್ರತಿ ಪದವನ್ನೂ ಮೊದಲು ಬೆರಳಲ್ಲಿ ಅಂಗೈ ಮೇಲೆ ಬರೆದುಕೊಂಡು ಆಮೇಲೆ ಹೇಳುತ್ತಿದ್ದಳು. ಆ ವರ್ಷ ಗೆದ್ದಳು. 2015ರಲ್ಲಿ ತಂಗಿ ವನ್ಯಾ ಅದೇ ಬಹುಮಾನವನ್ನು ಇನ್ನೊಬ್ಬ ಹುಡುಗನ ಜೊತೆ ಹಂಚಿಕೊಂಡಳು.

ಬಸವೇಶ್ವರನಗರದಲ್ಲಿ ನಮ್ಮ ಹಿಂದಿನ ಬೀದಿಯ ಟೀಚರಮ್ಮ ಮನೆಯಲ್ಲೇ ಪಾಠ ಹೇಳುತ್ತಾರೆ. ಗೇಟಿಗೆ ತೂಗುಹಾಕಿದ ತಗಡಿನ ಬೋರ್ಡಿನಲ್ಲಿ ಟ್ಯೂಷನ್ ಎಂದು ಬರೆಯುವಾಗ ಪೇಂಟರು ಯು ಆದ ಮೇಲಿನ ಐ ಬಿಟ್ಟಿದ್ದ. ಈ ಪದ ಬಂದದ್ದು ಲ್ಯಾಟಿನ್ನಿನ ತುಯೇರಿಯಿಂದ, ಕಣ್ಣಿಟ್ಟು ಕಾಯುವುದು ಎಂದರ್ಥ. ಇಂಗ್ಲಿಷಿನಲ್ಲೂ ಮೊದಲು ಅದಕ್ಕಿದ್ದ ಅರ್ಥ ಪಾಲನೆ, ರಕ್ಷಣೆ. ಪಾಠ ಎಂಬ ಅರ್ಥ ಆಮೇಲೆ ಕೂಡಿಕೊಂಡದ್ದು. ಟೀಚರಮ್ಮ ಹೊಸ ಬೋರ್ಡು ಮಾಡಿಸಲಿಲ್ಲ. ತೆಳ್ಳನೆಯ ಬ್ರಷ್ ತಂದು, ಯು ಮತ್ತು ಟಿ ನಡುವೆ ಇದ್ದಷ್ಟು ಜಾಗದಲ್ಲೇ ಒಂದು ಐ ಕೂರಿಸಿದರು. ಉಳಿದ ಅಕ್ಷರಗಳು ಬಿಸಿಲಿಗೆ ಮಾಸಿ ತಿಳಿನೀಲಿ ಆಗಿವೆ. ಆ ಐ ಇನ್ನೂ ಕಡುನೀಲಿ.