ಬೆತ್ತದೆದುರು ನುಂಗಿದ ನಗು

ನಗಬಾರದ ಜಾಗದಲ್ಲಿ ಬರುವ ನಗುವಿನ ಕಷ್ಟ ಶಾಲೆಗೆ ಹೋದವರಿಗೆಲ್ಲ ಗೊತ್ತು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿರುತ್ತಾರೆ. ಪಕ್ಕದವನು ಬಾಯಲ್ಲಿ ಏನೋ ಒಂದು ಸದ್ದು ಮಾಡುತ್ತಾನೆ. ಕೆನ್ನೆ ಊದುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ, ತಡೆದಷ್ಟೂ ಒತ್ತಿ ಬಂದು ಕೊನೆಗೆ ಮೂಗಿನಿಂದ ಬುಸ್ಸೆಂದು ಹೊರಟೇ ಬಿಡುತ್ತದೆ. ಮೇಷ್ಟ್ರು ತಿರುಗಿ ನೋಡುವ ಹೊತ್ತಿಗೆ ಪಕ್ಕದವನು ಪುಸ್ತಕದಲ್ಲಿ ಮುಳುಗಿ ಋಷಿಯಾಗಿರುತ್ತಾನೆ. ಪೆಟ್ಟು ನಮಗೆ.

ಈ ನಗುವನ್ನು ಸರಿಯಾಗಿ ಹಿಡಿದ ಸಿನಿಮಾಗಳು ಕಡಿಮೆ. ಹಿಡಿದದ್ದೊಂದಿದೆ, ಅದನ್ನು ನೋಡಿದವರು ಇನ್ನೂ ಕಡಿಮೆ. ಹೆಸರು ‘ಹೆವನ್ ಹೆಲ್ಪ್ ಅಸ್’. ಅಮೆರಿಕದಲ್ಲಿ ತೆರೆಕಂಡದ್ದು 1985ರ ಫೆಬ್ರವರಿ 8ರಂದು. ಸರಿಯಾಗಿ ಒಂದು ವಾರಕ್ಕೆ, ಫೆಬ್ರವರಿ 15ಕ್ಕೆ, ಜಾನ್ ಹ್ಯೂಸ್‌ರ ‘ದ ಬ್ರೇಕ್‌ಫಸ್ಟ್ ಕ್ಲಬ್’ ಬಂತು. ಹೈಸ್ಕೂಲು ಹುಡುಗರ ಸಿನಿಮಾ ಎಂದರೆ ಇಂದಿಗೂ ಎಲ್ಲರ ಬಾಯಲ್ಲಿ ಬರುವುದು ಆ ಎರಡನೆಯದು. ಮೊದಲನೆಯದು ಅರವತ್ತು ಲಕ್ಷ ಡಾಲರಿನ ಆಸುಪಾಸು ಗಳಿಸಿ ಸದ್ದಿಲ್ಲದೆ ಪಕ್ಕಕ್ಕೆ ಸರಿಯಿತು. ಬ್ರಿಟನ್ನಿನಲ್ಲಿ ಅದರ ಹೆಸರೂ ಬೇರೆ, ‘ಕ್ಯಾಥೊಲಿಕ್ ಬಾಯ್ಸ್’. ಗಲ್ಫ್‌ನಿಂದ ರಜೆಗೆ ಬಂದ ಗೆಳೆಯನೊಬ್ಬ ಪೆಟ್ಟಿಗೆಯಲ್ಲಿ ತಂದಿದ್ದ ಕ್ಯಾಸೆಟ್ಟಿನ ಮೇಲೆ ಇದ್ದದ್ದು ಈ ಎರಡನೆಯ ಹೆಸರೇ. ಹತ್ತಾರು ವರ್ಷ ಇವೆರಡು ಬೇರೆ ಬೇರೆ ಚಿತ್ರಗಳೆಂದೇ ನಾನು ನಂಬಿದ್ದೆ.

ಕಥೆ ನಡೆಯುವುದು 1965ರ ಬ್ರೂಕ್ಲಿನ್ನಿನಲ್ಲಿ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮೈಕೆಲ್ ಡನ್, ಪುಟ್ಟ ತಂಗಿಯ ಕೈ ಹಿಡಿದು ಬಾಸ್ಟನ್‌ನಿಂದ ಅಜ್ಜಿಯ ಮನೆಗೆ ಬರುತ್ತಾನೆ. ಮೊಮ್ಮಗ ಪಾದ್ರಿಯಾಗಬೇಕೆಂಬುದು ಅಜ್ಜಿಯ ಹಟ. ಸೇಂಟ್ ಬೇಸಿಲ್ಸ್ ಎಂಬ ಗಂಡುಹುಡುಗರ ಶಾಲೆಗೆ ಸೇರಿಸುತ್ತಾಳೆ. ಅಲ್ಲಿ ಪಾಠ ಹೇಳುವವರೆಲ್ಲ ನಿಲುವಂಗಿ ತೊಟ್ಟ ಬ್ರದರ್‌ಗಳು. ಡನ್‌ಗೆ ಸಿಗುವ ಗುಂಪು ಎಲ್ಲ ಶಾಲೆಯಲ್ಲೂ ಇರುವಂಥದ್ದೇ. ದಪ್ಪ ದೇಹದ, ಓದುಬುರುಕ ಸೀಸರ್. ಅವನನ್ನು ಗೋಳುಹೊಯ್ದುಕೊಳ್ಳುವ ರೂನಿ. ಬಾಯಿಗಿಂತ ಕಣ್ಣಲ್ಲೇ ಹೆಚ್ಚು ಮಾತಾಡುವ ಕಾರ್ಬೆಟ್. ಮರ್ಯಾದಸ್ಥರ ಪತ್ರಿಕೆಯಲ್ಲಿ ಹೆಸರು ಹೇಳಲಾಗದ ಚಟವೊಂದರ ವಿಲಿಯಮ್ಸ್. ರೂನಿಯಾಗಿ ಕೆವಿನ್ ಡಿಲನ್ ಬಂದರೆಂದರೆ ತೆರೆಯ ಮೇಲಿನ ಬೆಂಚುಗಳೂ ಸ್ವಲ್ಪ ಅತ್ತ ಸರಿದು ಕೂತಂತೆ ಕಾಣುತ್ತದೆ.

ನಿರ್ದೇಶಕ ಮೈಕೇಲ್ ಡಿನ್ನರ್, ಬರವಣಿಗೆ ಚಾರ್ಲ್ಸ್ ಪರ್ಪುರ. ಛಾಯಾಗ್ರಹಣ ಮಿರೊಸ್ಲಾವ್ ಒಂಡ್ರಿಚೆಕ್. ಹೌದು, ‘ಅಮಾಡಿಯಸ್’ ಚಿತ್ರಿಸಿದ ಅದೇ ಝೆಕ್ ಕ್ಯಾಮೆರಾಮನ್. ತುಂಟ ಹುಡುಗರ ಹಾಸ್ಯಚಿತ್ರಕ್ಕೆ ಇಷ್ಟು ದೊಡ್ಡ ಕಣ್ಣು ಯಾಕೆ ಬೇಕಿತ್ತೆಂದು ಕೇಳಿದರೆ, ಶಾಲೆಯ ಓಣಿಗಳನ್ನು ನೋಡಿ ಎನ್ನುತ್ತೇನೆ. ಎಂಬತ್ತರ ದಶಕದ ಹುಡುಗಾಟದ ಸಿನಿಮಾಗಳಲ್ಲಿ ಎಲ್ಲ ಕಡೆ ಟ್ಯೂಬ್‌ಲೈಟಿನ ಬೆಳಕು. ಇಲ್ಲಿ ಕತ್ತಲೆ ಇದೆ, ಮೇಣ ಮೆತ್ತಿದ ಮರ ಇದೆ. ಸಂಗೀತ ಜೇಮ್ಸ್ ಹಾರ್ನರ್ ಅವರದು. ‘ಟೈಟಾನಿಕ್’ ಇನ್ನೂ ಹನ್ನೆರಡು ವರ್ಷ ದೂರವಿತ್ತು.

ಇಂಥ ಸಿನಿಮಾ ಕಳೆದುಹೋದದ್ದು ಹೇಗೆ? ಸಹವಾಸದೋಷ. ‘ಪೋರ್ಕೀಸ್’ ದುಡ್ಡು ಬಾಚಿದ ಮೇಲೆ ಹಾಲಿವುಡ್ಡಿನಲ್ಲಿ ಹುಡುಗರ ಚಿತ್ರವೆಂದರೆ ಇಣುಕಿ ನೋಡುವ ಚಿತ್ರ ಎಂದಾಗಿತ್ತು. ಇದರಲ್ಲೂ ಆ ಬಗೆಯ ಜೋಕುಗಳಿವೆ. ಕೆಲವು ಹಳಸಿವೆ, ಕೆಲವು ಮೊದಲ ದಿನವೇ ಹಳಸಿದ್ದವು. ಪೋಲಿ ಚಿತ್ರ ಬೇಕೆಂದು ಬಂದವರಿಗೆ ಮಧ್ಯದಲ್ಲಿ ತಬ್ಬಲಿ ಹುಡುಗನ ದುಃಖ ಎದುರಾಯಿತು. ಆ ದುಃಖ ಬೇಕಾದವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ಹಿಂದೆ ಹೋದರು.

ನಿಂತು ನೋಡಬೇಕಾದ ಒಂದು ದೃಶ್ಯ ಹೇಳುತ್ತೇನೆ. ಹುಡುಗಿಯರ ಕ್ಯಾಥೊಲಿಕ್ ಶಾಲೆಯ ಜೊತೆ ಸೇರಿ ಒಂದು ಡಾನ್ಸ್ ಏರ್ಪಾಟಾಗಿದೆ. ಹುಡುಗರು ತಲೆ ಬಾಚಿ, ಟೈ ಬಿಗಿದು ಬಂದಿದ್ದಾರೆ. ಕುಣಿತ ಶುರುವಾಗುವ ಮೊದಲು ಫಾದರ್ ಅಬ್ರೂಝಿ ಎರಡು ಮಾತು ಆಡಲೆಂದು ಎದ್ದು ನಿಲ್ಲುತ್ತಾರೆ. ವಾಲೇಸ್ ಶಾನ್ ಎಂಬ ಕುಳ್ಳಗಿನ, ತೊದಲು ನಾಲಿಗೆಯ ನಟ. ವಿಷಯ: ಕಾಮ. ಮೆಲ್ಲಗೆ ಆರಂಭಿಸುತ್ತಾರೆ. ಹೋಗಹೋಗುತ್ತ ದನಿ ಏರುತ್ತದೆ, ಮುಖ ಕೆಂಪಗಾಗುತ್ತದೆ, ನರಕದ ಬೆಂಕಿ ಆ ಹಾಲಿನ ನೆಲದಡಿಯಿಂದಲೇ ಏಳುತ್ತಿದೆಯೋ ಎಂಬಂತೆ ಕೈ ಬೀಸುತ್ತಾರೆ. ಕೊನೆಗೆ ಅದೇ ಉಸಿರಿನಲ್ಲಿ, ಚೆನ್ನಾಗಿ ಕುಣಿದು ಸಂತೋಷಪಡಿ ಎಂದು ಹರಸಿ ಇಳಿದು ಹೋಗುತ್ತಾರೆ. ಇಡೀ ಪ್ರವಚನ ಮೂರು ನಿಮಿಷವೂ ಇಲ್ಲ. ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ಹೊಟ್ಟೆ ಹುಣ್ಣಾಗಿದೆ. ಶಾನ್ ಒಂದು ಕ್ಷಣವೂ ಆ ಪಾದ್ರಿಯನ್ನು ಗೇಲಿ ಮಾಡುವುದಿಲ್ಲ. ಅವರಿಗೆ ಆ ಮಾತಿನಲ್ಲಿ ನಂಬಿಕೆಯಿದೆ. ನಗು ಹುಟ್ಟುವುದು ಆ ನಂಬಿಕೆಯಿಂದ.

ಕರಾವಳಿಯ ಊರೊಂದರಲ್ಲಿ ನಾನೂ ಇಂಥದ್ದೇ ಶಾಲೆಯಲ್ಲಿ ಓದಿದವನು. ಹೆಸರು ಬೇಡ. ಮಕ್ಕಳು ನಗುವುದು ಎಷ್ಟು ದೊಡ್ಡ ಅಪರಾಧವೆಂದು ಅಲ್ಲಿ ಒಬ್ಬರು ನನಗೆ ಕಲಿಸಿದರು. ಬೆಳಗಿನ ಪ್ರಾರ್ಥನೆಯಲ್ಲಿ ಯಾರೋ ಬಿಕ್ಕಳಿಸಿದ್ದಕ್ಕೆ ನಾನು ನಕ್ಕೆ. ಬಿಕ್ಕಳಿಸಿದವನು ಪಾರಾದ. ನಾನು ಮಧ್ಯಾಹ್ನದವರೆಗೆ ವರಾಂಡದಲ್ಲಿ ಮಂಡಿಯೂರಿದೆ. ಮಂಡಿಯಡಿ ಸಿಕ್ಕಿದ ಮರಳಿನ ಕಾಳುಗಳನ್ನು ಎಣಿಸುತ್ತಿದ್ದೆನೇ ಹೊರತು ಪಶ್ಚಾತ್ತಾಪ ಬರಲಿಲ್ಲ. ಇದು ಪಾದ್ರಿಗಳ ಶಾಲೆಗಳಿಗೆ ಮಾತ್ರ ಸೇರಿದ ಸಂಗತಿ ಎಂದು ಯಾರೂ ತಿಳಿಯಬೇಡಿ. ಹುಡುಗರನ್ನು ತೊಲೆಗೆ ನೇತುಹಾಕುವ ಶಿಕ್ಷೆಗೆ ‘ಕೋದಂಡ’ ಎಂಬ ಸೊಗಸಾದ ಹೆಸರು ಕೊಟ್ಟದ್ದು ನಮ್ಮ ಕೂಲಿಮಠಗಳೇ.

ಚಿತ್ರದಲ್ಲಿ ಹೊಡೆಯುವವರು ಬ್ರದರ್ ಕಾನ್‌ಸ್ಟನ್ಸ್. (ಬಹುವಚನ ಬಿಡಲು ಕೈ ಏಳುವುದಿಲ್ಲ, ಅಭ್ಯಾಸಬಲ.) ಜೇ ಪ್ಯಾಟರ್ಸನ್ ಈ ಪಾತ್ರವನ್ನು ರಾಕ್ಷಸನನ್ನಾಗಿ ಮಾಡದೆ ಉಳಿಸಿದ್ದಾರೆ. ಆ ಮನುಷ್ಯನಿಗೆ ಹೊಡೆಯುವುದರಲ್ಲಿ ಒಂದು ಶ್ರದ್ಧೆಯಿದೆ, ಭಯ ಹುಟ್ಟಿಸುವುದು ಅದೇ. ಇವರ ಎದುರಿಗೆ ಹೊಸದಾಗಿ ಬಂದ ಬ್ರದರ್ ತಿಮೊಥಿ, ನೋಡಿ ನೋಡಿ ಒಳಗೇ ಬೇಯುವ ಯುವಕ. ಪಾತ್ರಧಾರಿ ಜಾನ್ ಹರ್ಡ್, ಮುಂದೆ ‘ಹೋಮ್ ಅಲೋನ್’ನಲ್ಲಿ ಮಗನನ್ನು ಮನೆಯಲ್ಲಿ ಮರೆತುಹೋಗುವ ಅಪ್ಪ. ಇಬ್ಬರ ನಡುವೆ ಮುಖ್ಯಸ್ಥ ಬ್ರದರ್ ಥ್ಯಾಡಿಯಸ್, ಅಂದರೆ ಡೊನಾಲ್ಡ್ ಸದರ್ಲೆಂಡ್. ನನ್ನ ಮಟ್ಟಿಗೆ ಚಿತ್ರದ ನಿಜವಾದ ಪಾತ್ರ ಇವರೇ. ಇವರು ಕೈಯೆತ್ತಿ ಹೊಡೆದು ಹೆಸರು ಮಾಡಿದವರಲ್ಲ, ಹೊಡೆಯುವವರು ಯಾರೆಂದು ಗೊತ್ತಿದ್ದೂ ಶಾಲೆ ನಡೆಸುವವರು. ನಮಗೆ ಸಿನಿಮಾದ ಮೇಷ್ಟ್ರೆಂದರೆ ‘ನಾಗರಹಾವು’ ಚಿತ್ರದ ಚಾಮಯ್ಯ, ಕೆ.ಎಸ್. ಅಶ್ವತ್ಥ್ ಅವರ ಒದ್ದೆಗಣ್ಣು. ಥ್ಯಾಡಿಯಸ್ ಅಂಥವರಲ್ಲ. ಆದರೆ ಬದುಕಿನಲ್ಲಿ ನಾವು ಹೆಚ್ಚಾಗಿ ಕಂಡ ಹೆಡ್‌ಮಾಸ್ಟರು ಅವರೇ.

ಶಾಲೆಯ ಎದುರಿಗೆ ಒಂದು ಸೋಡಾ ಅಂಗಡಿ. ಮಂಕು ಕವಿದ ಅಪ್ಪನನ್ನು ನೋಡಿಕೊಳ್ಳುತ್ತ, ಅಂಗಡಿಯನ್ನೂ ನಡೆಸುವವಳು ಡ್ಯಾನಿ ಎಂಬ ಹುಡುಗಿ. ಮೇರಿ ಸ್ಟುವರ್ಟ್ ಮಾಸ್ಟರ್ಸನ್ ಆಗ ಇನ್ನೂ ಹದಿನೆಂಟರ ಆಸುಪಾಸು. ಶಾಲೆ ಬಿಟ್ಟೊಡನೆ ಹುಡುಗರು ನುಗ್ಗುವುದು ಅಲ್ಲಿಗೇ, ಸಿಗರೇಟು ಹಚ್ಚುವುದೂ ಅಲ್ಲೇ. ಬ್ರದರ್‌ಗಳು ದಾಳಿ ಮಾಡುವುದೂ ಅಲ್ಲಿಗೇ. ಡನ್ ಮತ್ತು ಡ್ಯಾನಿಯ ನಡುವಿನದು ಪ್ರೀತಿ ಎನ್ನುವುದಕ್ಕಿಂತ ಇಬ್ಬರು ತಬ್ಬಲಿಗಳ ಪರಸ್ಪರ ಗುರುತು. ಡನ್‌ನನ್ನು ಆಡಿದ ಆಂಡ್ರ್ಯೂ ಮೆಕಾರ್ಥಿ ಇಲ್ಲಿ ಎಷ್ಟು ಮೆಲ್ಲಗೆ ಇದ್ದಾರೆಂದರೆ, ಅದೇ ವರ್ಷದ ‘ಸೇಂಟ್ ಎಲ್ಮೋಸ್ ಫೈರ್’ನ ನಟ ಇವರೇ ಎಂದು ನಂಬುವುದು ಕಷ್ಟ. ಕೊನೆಗೆ ಸರ್ಕಾರಿ ಮಂದಿ ಬಂದು ಹುಡುಗಿಯನ್ನು ಕರೆದೊಯ್ಯುತ್ತಾರೆ. ಚಿತ್ರ ಅವಳ ಹಿಂದೆ ಹೋಗುವುದಿಲ್ಲ. ಮುಂದೇನಾಯಿತೋ ಎಂದು ನಾವು ಕೇಳಿಕೊಳ್ಳುವ ಮೊದಲೇ ಕಥೆ ಮತ್ತೆ ಶಾಲೆಗೆ ಮರಳಿರುತ್ತದೆ. ಇದು ಬರವಣಿಗೆಯ ಕೊರತೆಯೇ. ಹುಡುಗರ ವಯಸ್ಸಿಗೆ ಹೀಗೆಯೇ ಅನಿಸುತ್ತದೆ ಎಂದು ಸಮರ್ಥಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ.

1965ನ್ನೇ ಆರಿಸಿದ್ದಕ್ಕೆ ಕಾರಣವಿದೆ. ಆ ಅಕ್ಟೋಬರ್ 4ರಂದು ಪೋಪ್ ಆರನೆಯ ಪೌಲ್ ನ್ಯೂಯಾರ್ಕಿಗೆ ಬಂದರು. ಅಧಿಕಾರದಲ್ಲಿದ್ದ ಪೋಪ್ ಒಬ್ಬರು ಅಮೆರಿಕದ ನೆಲ ಮುಟ್ಟಿದ್ದು ಅದೇ ಮೊದಲು. ಒಂದೇ ದಿನದಲ್ಲಿ ವಿಶ್ವಸಂಸ್ಥೆಯಲ್ಲಿ ಭಾಷಣ, ಯಾಂಕೀ ಸ್ಟೇಡಿಯಮ್ಮಿನಲ್ಲಿ ಬಲಿಪೂಜೆ ಮುಗಿಸಿದರು. (ಇದೇ ಪೋಪ್ ಹತ್ತು ತಿಂಗಳ ಹಿಂದೆ, 1964ರ ಡಿಸೆಂಬರಿನಲ್ಲಿ, ಮುಂಬಯಿಗೆ ಬಂದುಹೋಗಿದ್ದರು.) ರೋಮ್‌ನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಕೊನೆಯ ಹಂತದಲ್ಲಿತ್ತು. ಲ್ಯಾಟಿನ್ ಪೂಜೆ ಜನರ ಭಾಷೆಗೆ ಇಳಿಯುತ್ತಿತ್ತು. ಜಗತ್ತಿನ ದೊಡ್ಡ ಕಿಟಕಿ ತೆರೆಯುತ್ತಿದ್ದ ಹೊತ್ತಿಗೆ ಸೇಂಟ್ ಬೇಸಿಲ್ಸ್‌ನ ತರಗತಿಯ ಕಿಟಕಿಗಳು ಮಾತ್ರ ಮುಚ್ಚಿಯೇ ಇವೆ. ಚಿತ್ರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಪೋಪರ ಮೆರವಣಿಗೆಯನ್ನು ಒಂದು ಗಲಾಟೆಯ ದಿನವಾಗಿ ತೋರಿಸಿ ಮುಂದೆ ಹೋಗುತ್ತದೆ.

ಕೊನೆಯಲ್ಲಿ ಏನಾಗುತ್ತದೆಂದು ಹೇಳಿದರೆ ರಸಭಂಗವಾಗದು, ಗೊತ್ತಿದ್ದೂ ಎದೆ ಹೊಡೆದುಕೊಳ್ಳುತ್ತದೆ. ಅಂಗಳದ ಸಂತ ಬೇಸಿಲರ ಪ್ರತಿಮೆಯ ತಲೆ ಮಾಯವಾಗುತ್ತದೆ. ಕಾನ್‌ಸ್ಟನ್ಸ್ ಹುಡುಗರನ್ನು ಜಿಮ್ನೇಷಿಯಮ್ಮಿಗೆ ಕರೆದೊಯ್ದು ಹೊಡೆಯತೊಡಗುತ್ತಾರೆ. ಒಂದು ಹಂತದಲ್ಲಿ ಹುಡುಗರು ತಿರುಗಿ ಬೀಳುತ್ತಾರೆ, ಇಡೀ ಶಾಲೆ ಕೇಕೆ ಹಾಕುತ್ತದೆ. ಆಮೇಲೆ ಥ್ಯಾಡಿಯಸ್‌ರ ಕೋಣೆಯಲ್ಲಿ ತೀರ್ಪು. ಕಾನ್‌ಸ್ಟನ್ಸ್ ಬೇರೆಡೆಗೆ, ಹುಡುಗರಿಗೆ ಎರಡು ವಾರ ಶಾಲೆಯಿಂದ ಸಸ್ಪೆನ್ಷನ್. ಸಂಸ್ಥೆಯ ಮಾನವೂ ಉಳಿಯಬೇಕು, ನ್ಯಾಯವೂ ಸಂದಂತಿರಬೇಕು. ಥ್ಯಾಡಿಯಸ್ ಎಂಥವರೆಂದು ಆ ಒಂದು ತೀರ್ಪಿನಲ್ಲಿ ತಿಳಿಯುತ್ತದೆ. ಹುಡುಗರ ಕಿವಿಗೆ ಮಾತ್ರ ಅದು ಕೇಳಿಸಿದ್ದು ಎರಡು ವಾರ ರಜೆ ಎಂದು! ಚಿತ್ರದುದ್ದಕ್ಕೂ ನುಂಗಿದ್ದ ನಗು ಹೊರಬರುವುದು ಇಲ್ಲಿ.

ನ್ಯೂಯಾರ್ಕ್ ರಾಜ್ಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದ್ದು ಈ ಚಿತ್ರ ಬಿಡುಗಡೆಯಾದ 1985ರಲ್ಲೇ. ಸೇಂಟ್ ಬೇಸಿಲ್ಸ್‌ನಂಥ ಖಾಸಗಿ ಶಾಲೆಗಳಿಗೂ ಆ ನಿಷೇಧ ಬರಲು 2023 ಆಗಬೇಕಾಯಿತು. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಅದನ್ನು 2009ರಲ್ಲೇ ಹೇಳಿದೆ, ಓದಿದವರೆಷ್ಟೋ.

ಸಿಕ್ಕರೆ ನೋಡಿ. ನೂರನಾಲ್ಕು ನಿಮಿಷದ ಚಿತ್ರ. ಮೊದಲ ಇಪ್ಪತ್ತು ನಿಮಿಷದ ಪೋಲಿತನ ಸಹಿಸಿಕೊಳ್ಳಬೇಕು, ಮನೆಯಲ್ಲಿ ಚಿಕ್ಕವರಿದ್ದರೆ ಅವರು ಮಲಗಿದ ಮೇಲೆ ಹಚ್ಚಿ. ‘ಹೆವನ್ ಹೆಲ್ಪ್ ಅಸ್’ ಎಂದು ಹುಡುಕಿ ಸಿಗದಿದ್ದರೆ ‘ಕ್ಯಾಥೊಲಿಕ್ ಬಾಯ್ಸ್’ ಎಂದೂ ಹುಡುಕಿ. ಎರಡೂ ಒಂದೇ.