ಮೊದಲು ನಲ್ಲಿ, ಆಮೇಲೆ ನೋಟ

ಅಕ್ಕನ ಮಗ ಸ್ಯಾನ್ ಹೋಸೆಯಲ್ಲಿದ್ದಾನೆ. ಕಳೆದ ವಾರ ಅವನಿಂದ ಒಂದು ನಕ್ಷೆ ಬಂತು. ಯೂಟಾ ರಾಜ್ಯದ ದಕ್ಷಿಣ ಭಾಗ. ಪ್ಯಾಂಗ್ವಿಚ್ ಎಂಬ ಊರಿನಿಂದ ಬ್ಲಾಂಡಿಂಗ್‌ವರೆಗೆ ಒಂದು ನೀಲಿ ಗೆರೆ, ಸುಮಾರು 475 ಕಿ.ಮೀ. ಗೆರೆಯುದ್ದಕ್ಕೂ ಹಳದಿ ನಕ್ಷತ್ರಗಳು: ಇಲ್ಲಿ ಫೋಟೊ, ಇಲ್ಲಿ ಸೂರ್ಯಾಸ್ತ, ಇಲ್ಲಿ ಮತ್ತೆ ಫೋಟೊ. ಕೆಳಗೊಂದು ಪ್ರಶ್ನೆ: 'ಮಾವ, ಸೈಕಲ್ ಮೇಲೆ ನಾಲ್ಕು ದಿನ ಸಾಕಲ್ವಾ?'

ನಾನು ಒಂದೇ ಸಾಲು ಬರೆದೆ: 'ನಲ್ಲಿಗಳೆಲ್ಲಿ ಮಾರಾಯ?'

ಕೆಂಪು ಬಂಡೆಯ ಆ ಸೀಮೆಯಲ್ಲಿ ಸೈಕಲ್ ಹೊಡೆಯುವವರು ಕಿಲೋಮೀಟರ್ ಲೆಕ್ಕ ಇಡುವುದಿಲ್ಲ. ಈ ನಲ್ಲಿಯಿಂದ ಮುಂದಿನ ನಲ್ಲಿಗೆ ಎಷ್ಟು ಹೊತ್ತು ಎಂಬುದೊಂದೇ ಲೆಕ್ಕ. ಕಾರಿನವನಿಗೆ ಅದು ಬರೀ ನೋಟ. ನಮಗೆ ಅದು ನೀರಿನ ಕಥೆ. ವಿಚಿತ್ರವೆಂದರೆ ಆ ಮರುಭೂಮಿಯಲ್ಲಿ ನೋಡಬೇಕಾದದ್ದನ್ನೆಲ್ಲ ಕೆತ್ತಿಟ್ಟಿರುವುದೂ ನೀರೇ.

ಹುಡುಗ ಎಳೆದ ಗೆರೆ ಅವನ ಸ್ವಂತದ್ದೇನಲ್ಲ. ಸ್ಯಾನ್ ಫ್ರಾನ್ಸಿಸ್ಕೊದಿಂದ ಕೊಲೊರಾಡೊದ ಪ್ವೆಬ್ಲೊವರೆಗೆ ಹೋಗುವ 'ವೆಸ್ಟರ್ನ್ ಎಕ್ಸ್‌ಪ್ರೆಸ್' ಎಂಬ ಸೈಕಲ್ ಮಾರ್ಗದ ಒಂದು ತುಂಡು ಅದು. ಅದರ ನಕ್ಷೆ ಮಾಡಿದ್ದು ಅಡ್ವೆಂಚರ್ ಸೈಕ್ಲಿಂಗ್ ಅಸೋಸಿಯೇಷನ್. 1976ರಲ್ಲಿ ಅಮೆರಿಕಕ್ಕೆ ಇನ್ನೂರು ತುಂಬಿದಾಗ ಸಾವಿರಾರು ಜನ ಸೈಕಲ್ ಮೇಲೆ ದೇಶ ದಾಟಿದರಲ್ಲ, ಆ ಹುಮ್ಮಸ್ಸಿನಲ್ಲಿ ಹುಟ್ಟಿದ ಸಂಸ್ಥೆ. ಅದರ ನಕ್ಷೆಗಳ ಗುಣವೆಂದರೆ ನೋಟಕ್ಕಿಂತ ಮೊದಲು ನೀರು, ಅಂಗಡಿ, ತಂಗುದಾಣಗಳನ್ನು ಹೇಳುವುದು.

ಮೊದಲ ಸಲಹೆ ದಿಕ್ಕಿನದು. ಪಶ್ಚಿಮದಿಂದ ಪೂರ್ವಕ್ಕೆ ಹೋಗಿ. ವಸಂತದಲ್ಲಿ ಅಲ್ಲಿ ಗಾಳಿ ಹೆಚ್ಚಾಗಿ ನೈರುತ್ಯದಿಂದ ಬೀಸುತ್ತದೆ; ಬೆನ್ನಿಗೆ ಗಾಳಿ ಸಿಕ್ಕರೆ ಒಂದು ಬಾಟಲಿ ನೀರು ಉಳಿದಂತೆ. ಏಪ್ರಿಲ್ ಕೊನೆಯಿಂದ ಮೇ, ಇಲ್ಲವೇ ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವಿನವರೆಗೆ ಸೈ. ಜುಲೈ, ಆಗಸ್ಟ್ ಬೇಡವೇ ಬೇಡ: ತಗ್ಗಿನಲ್ಲಿ ಕುದಿ ಬಿಸಿಲು, ಮಧ್ಯಾಹ್ನ ಎಲ್ಲೋ ದೂರದಲ್ಲಿ ಸುರಿದ ಮಳೆ ಗಂಟೆಯೊಳಗೆ ನೀವು ನಿಂತ ಒಣಹಳ್ಳಕ್ಕೆ ಕೆಂಪು ಕೆಸರಾಗಿ ನುಗ್ಗುತ್ತದೆ. ಒಣಹಳ್ಳದಲ್ಲಿ ಡೇರೆ ಹಾಕುವವನಷ್ಟು ದಡ್ಡ ಇನ್ನೊಬ್ಬನಿಲ್ಲ.

ಪ್ಯಾಂಗ್ವಿಚ್ ದಾಟಿದರೆ ಹೆದ್ದಾರಿ 12 ಶುರು. ರೆಡ್ ಕ್ಯಾನ್ಯನ್‌ನಲ್ಲಿ ರಸ್ತೆಯ ಪಕ್ಕಕ್ಕೇ ಸೈಕಲ್ಲಿಗೆಂದು ಡಾಂಬರು ದಾರಿ ಇದೆ. ಅದನ್ನು ಬಿಟ್ಟು, ಮಲಗುವ ಕೋಣೆಯನ್ನೂ ಹೊತ್ತು ಓಡುವ ಮೋಟಾರ್ ಮನೆಗಳ ಜೊತೆ ರಸ್ತೆಯಲ್ಲಿ ಗುದ್ದಾಡಬೇಡಿ. ಆಮೇಲೆ ಬ್ರೈಸ್ ಕ್ಯಾನ್ಯನ್. ಹಗಲು ಬಿರುಕಿಗಿಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಬೆಳಿಗ್ಗೆ ಕರಗುತ್ತದೆ. ವರ್ಷದ ಅರ್ಧದಷ್ಟು ದಿನ ಇದೇ ಕೆಲಸ. ಹೀಗೆ ಬಿರಿದು ಬಿರಿದು ನಿಂತ ಕಂಬಗಳೇ ಅಲ್ಲಿನ ಹೂಡೂಗಳು. ಬಣ್ಣ ಕಬ್ಬಿಣದ ತುಕ್ಕಿನದು. ಬಾದಾಮಿಯ ಬಂಡೆಗೂ ಕೆಂಪು ಕೊಟ್ಟಿರುವುದು ಕಬ್ಬಿಣವೇ. ಆದರೆ ವಯಸ್ಸಿನಲ್ಲಿ ಬಾದಾಮಿ ಇದರ ಮುತ್ತಜ್ಜ.

ಇಡೀ ದಾರಿಯಲ್ಲಿ ಒಂದೇ ದಿನ ಆರಿಸಿಕೋ ಎಂದರೆ ನಾನು ಎಸ್ಕಲಾಂಟೆಯಿಂದ ಬೋಲ್ಡರ್‌ವರೆಗಿನ 45 ಕಿ.ಮೀ. ಆರಿಸುತ್ತೇನೆ. ಕಾರಿಗೆ ಮುಕ್ಕಾಲು ಗಂಟೆ. ಸೈಕಲ್ಲಿಗೆ ಪೂರಾ ಒಂದು ದಿನ ಕೊಡಿ. ಹೆಡ್ ಆಫ್ ದ ರಾಕ್ಸ್ ಎಂಬಲ್ಲಿ ರಸ್ತೆ ಏಕಾಏಕಿ ಬಂಡೆಯ ಕಡಲಿಗೆ ಬೀಳುತ್ತದೆ. ಕಡಲು ಎಂದದ್ದು ಅಲಂಕಾರಕ್ಕಲ್ಲ, ಒಂದು ಕಾಲಕ್ಕೆ ಅದು ಮರಳಿನ ಕಡಲೇ. ಜುರಾಸಿಕ್ ಕಾಲದ ಮರಳುದಿಬ್ಬಗಳು ಗಟ್ಟಿಯಾಗಿ ಆದ ನವಾಹೊ ಮರಳುಗಲ್ಲು ಅದು. ಅಂದಿನ ಗಾಳಿ ಮರಳನ್ನು ತಳ್ಳಿದ ಓರೆ ಗೆರೆಗಳು ಬಂಡೆಯಲ್ಲಿ ಹಾಗೇ ಉಳಿದಿವೆ. ಮುಂದೆ ಎಸ್ಕಲಾಂಟೆ ನದಿ. ನದಿ ಎಂದು ಹಿಗ್ಗಬೇಡಿ, ಹಲವು ದಿನ ನಮ್ಮ ಹಳ್ಳದಷ್ಟೇ. ಆದರೆ ಅಮೆರಿಕದ ಮುಖ್ಯ ಭೂಭಾಗದಲ್ಲಿ ಎಲ್ಲಕ್ಕಿಂತ ಕೊನೆಗೆ ನಕ್ಷೆ ಸೇರಿದ ನದಿ ಇದು. ಕಾಫ್ ಕ್ರೀಕ್‌ನಲ್ಲಿ ಸೈಕಲ್ ಕಟ್ಟಿಹಾಕಿ ಹೋಗಿಬರಲು 10 ಕಿ.ಮೀ. ನಡೆದರೆ 38 ಮೀಟರ್ ಎತ್ತರದ ಜಲಪಾತ. ಅಲ್ಲಿಂದ ಮೇಲಕ್ಕೆ ಶೇ 14ರ ಏರು. ಸಾಮಾನು ಹೊತ್ತ ಸೈಕಲ್ಲಿನಲ್ಲಿ ಇಳಿದು ತಳ್ಳುವುದು ನಾಚಿಕೆಯಲ್ಲ, ನಾನು ತಳ್ಳಿದ್ದೇನೆ. ಏರಿ ನಿಂತರೆ ಹಾಗ್‌ಬ್ಯಾಕ್: ಕತ್ತಿಯಲಗಿನಂಥ ದಿಬ್ಬದ ನೆತ್ತಿಯ ಮೇಲೆ ರಸ್ತೆ, ಎರಡೂ ಕಡೆ ಪ್ರಪಾತ, ತಡೆಗೋಡೆ ಇಲ್ಲ. ಗಾಳಿ ಜೋರಿದ್ದ ದಿನ ಇಲ್ಲಿ ನೋಟ ಸವಿಯಲು ಕತ್ತು ತಿರುಗಿಸಬೇಡಿ, ನಿಂತು ನೋಡಿ.

ಬೋಲ್ಡರ್ ಎಂಬ ಪುಟ್ಟ ಊರಿಗೆ 1930ರ ದಶಕದಲ್ಲೂ ಅಂಚೆ ಬರುತ್ತಿದ್ದದ್ದು ಹೇಸರಗತ್ತೆಯ ಮೇಲೆ. ಊರಿಂದಾಚೆ ಬೋಲ್ಡರ್ ಬೆಟ್ಟದ ರಸ್ತೆಗೆ ಪೂರ್ತಿ ಡಾಂಬರು ಬಿದ್ದದ್ದು 1985ರಲ್ಲಿ. ಸುಮಾರು 2,900 ಮೀಟರ್‌ವರೆಗೆ ಏರು. ಕೆಳಗೆ ಅಂಗಿ ಬಿಚ್ಚಿದವನು ಮೇಲೆ ಆಸ್ಪೆನ್ ಮರಗಳ ನಡುವೆ ನಡುಗುತ್ತಾನೆ. ನೆತ್ತಿಯಿಂದ ಪೂರ್ವಕ್ಕೆ ಕಾಣುವ ಮಡಿಕೆ ಮಡಿಕೆ ಬಂಡೆಸಾಲು 160 ಕಿ.ಮೀ. ಉದ್ದದ ವಾಟರ್‌ಪಾಕೆಟ್ ಫೋಲ್ಡ್. ಹೆಸರು ಕೇಳಿ ತಲೆ ಕೆರೆದುಕೊಳ್ಳಬೇಡಿ. ವಾಟರ್‌ಪಾಕೆಟ್ ಎಂದರೆ ನಮ್ಮ ದೊಣೆಯೇ: ಬಂಡೆಯ ಗುಳಿಯಲ್ಲಿ ನಿಂತ ಮಳೆನೀರು. ಅದನ್ನು ನಂಬಿ ಹೊರಡಬೇಡಿ. ಸನ್‌ಸ್ಕ್ರೀನ್ ಬಳಿದ ಕೈಯನ್ನು ಅದರಲ್ಲಿ ಅದ್ದಲೂಬೇಡಿ; ಆ ಬೊಗಸೆ ನೀರಿನಲ್ಲೇ ಹುಟ್ಟಿ ಸಾಯುವ ಸಣ್ಣ ಸೀಗಡಿಗಳಿವೆ.

ಬೆಟ್ಟ ಇಳಿದು ಫ್ರೂಟಾ ಸೇರಿದರೆ ಕಣ್ಣು ನಂಬುವುದಿಲ್ಲ: ಕೆಂಪು ಗೋಡೆಗಳ ನಡುವೆ ಹಸಿರು ತೋಟ. 1880ರ ದಶಕದಲ್ಲಿ ಬಂದ ಮಾರ್ಮನ್ ಪಂಥದ ಕುಟುಂಬಗಳು ಫ್ರೆಮಾಂಟ್ ನದಿಯ ನೀರು ತಿರುಗಿಸಿ ಚೆರ್ರಿ, ಏಪ್ರಿಕಾಟ್, ಪೀಚ್, ಸೇಬು ಬೆಳೆದವು. ತೋಟ ಈಗ ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನದ್ದು. ಹಣ್ಣಿನ ಕಾಲದಲ್ಲಿ ಕೊಯ್ಲಿಗೆ ತೆರೆದ ತೋಟದಲ್ಲಿ ನಿಂತು ಎಷ್ಟಾದರೂ ತಿನ್ನಿ, ಕಾಸು ಕೇಳುವುದಿಲ್ಲ. ಚೀಲಕ್ಕೆ ತುಂಬಿಕೊಂಡರೆ ಮಾತ್ರ ತೂಕ ಹಾಕಿ ಹಣ ಹಾಕಬೇಕು. ಸೈಕಲ್ಲಿನವನಿಗೆ ಇದಕ್ಕಿಂತ ನ್ಯಾಯವಾದ ಕಾನೂನು ಬೇಕೆ?

ಇಷ್ಟು ದೂರ ನೀರು ಅಲ್ಲಲ್ಲಿ ಸಿಗುತ್ತಿತ್ತು. ಪರೀಕ್ಷೆ ಇರುವುದು ಹ್ಯಾಂಕ್ಸ್‌ವಿಲ್ ಆದಮೇಲೆ. ಅಲ್ಲಿಂದ ಬ್ಲಾಂಡಿಂಗ್‌ಗೆ ಹೆದ್ದಾರಿ 95. ಇದರ ಡಾಂಬರೂ ಅಮೆರಿಕಕ್ಕೆ ಇನ್ನೂರು ತುಂಬಿದ ಆ 1976ರದ್ದೇ. ಸುಮಾರು 200 ಕಿ.ಮೀ. ಉದ್ದಕ್ಕೆ ಒಂದೂ ಊರಿಲ್ಲ. ನಡುವೆ ಹೈಟ್ ಎಂಬಲ್ಲಿ ಕೊಲೊರಾಡೊ ನದಿ ದಾಟಬೇಕು. ಅಲ್ಲೊಂದು ಕಾಲಕ್ಕೆ ದೋಣಿಗಳ ತಂಗುದಾಣ ಇತ್ತು. ಪವೆಲ್ ಜಲಾಶಯ ತಗ್ಗುತ್ತಾ ಬಂದು ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರು ಈಗ ಒಣನೆಲಕ್ಕೆ ಮುಖ ಮಾಡಿ ನಿಂತಿದೆ. ಅಂಗಡಿ ಮುಚ್ಚಿದೆ ಎಂದುಕೊಂಡೇ ಹೊರಡಿ. ಉದ್ಯಾನದವರು ದಿನಕ್ಕೆ ತಲೆಗೆ 4 ಲೀಟರ್ ಎನ್ನುತ್ತಾರೆ. ಪೆಡಲ್ ತುಳಿಯುವವನಿಗೆ, ರಾತ್ರಿಯ ಅಡುಗೆಯೂ ಸೇರಿ, ನಾನು 9 ಲೀಟರ್ ಎನ್ನುತ್ತೇನೆ. ಒಂಬತ್ತು ಕೆ.ಜಿ. ಭಾರವಾಯಿತಲ್ಲ ಎಂದು ಗೊಣಗಬೇಡಿ, ಗಂಟೆಗಂಟೆಗೂ ಹಗುರಾಗುವ ಸಾಮಾನು ಅದೊಂದೇ.

ಈ ಬುದ್ಧಿ ನನಗೆ ಬಂದದ್ದು ಆರೇ ಲೀಟರ್ ತುಂಬಿಕೊಂಡು ಹೋದ ದಿನ. ಒಣಹವೆಯಲ್ಲಿ ಬೆವರು ಹರಿಯುವುದಿಲ್ಲ, ಹುಟ್ಟಿದಲ್ಲೇ ಆರುತ್ತದೆ. ಮೈ ಒಣಗಿದೆ, ಚೆನ್ನಾಗೇ ಇದ್ದೇನೆ ಎಂದುಕೊಂಡಿದ್ದೆ. ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ನೋಡಿದಾಗ ಲೆಕ್ಕ ತಪ್ಪಿಯಾಗಿತ್ತು. ಅದೇ ಹೊತ್ತಿಗೆ ಪಂಕ್ಚರ್. ಟೈರಿನಿಂದ ಕಿತ್ತ ಮುಳ್ಳು ಹ್ಯಾಂಡಲ್ ಚೀಲದಲ್ಲಿ ಈಗಲೂ ಇದೆ: ನಮ್ಮ ಹೊಲದ ಬದುಗಳ ನೆಗ್ಗಿಲು! ಅಲ್ಲಿನವರು ಅದನ್ನು 'ಮೇಕೆತಲೆ' ಎನ್ನುತ್ತಾರೆ. ಹಳೆಯ ಜಗತ್ತಿನಿಂದ ಹೋಗಿ ಅಲ್ಲಿ ಕಳೆಯಾಗಿ ಹಬ್ಬಿದೆ. ಅಷ್ಟು ದೂರ ಹೋಗಿ ಊರಿನ ಮುಳ್ಳೇ ಚುಚ್ಚಿಸಿಕೊಂಡೆ. ಟ್ಯೂಬಿಗೆ ಸೀಲಂಟ್ ತುಂಬಿಸದೆ ಹೋಗಬೇಡಿ. ಖಾಲಿ ಬಾಟಲಿ ಎತ್ತಿ ತೋರಿಸಿದಾಗ ವಯಸ್ಸಾದ ದಂಪತಿ ಮೋಟಾರ್ ಮನೆ ನಿಲ್ಲಿಸಿ ನೀರು ಕೊಟ್ಟರು. ಆ ಸಂಜೆಯವರೆಗೆ ನಾನು ಮೋಟಾರ್ ಮನೆಗಳನ್ನು ಬೈದಷ್ಟು ಯಾರೂ ಬೈದಿರಲಿಕ್ಕಿಲ್ಲ.

ಮರುದಿನ ಸಿಗುವ ನಲ್ಲಿ ನ್ಯಾಚುರಲ್ ಬ್ರಿಜಸ್ ಸಂರಕ್ಷಿತ ತಾಣದ ಸಂದರ್ಶಕರ ಕೇಂದ್ರದ್ದು. ಅಲ್ಲಿ ಮೂರು ಕಲ್ಲುಸೇತುವೆಗಳಿವೆ: ಸಿಪಾಪು, ಕಚೀನಾ, ಒವಚೊಮೊ. ಮೂರನ್ನೂ ಕೊರೆದಿರುವುದು ಹಳ್ಳದ ನೀರು. ಬಾಟಲಿ ತುಂಬಿಸಿ, ಎರಡು ಲೀಟರ್ ನಿಂತಲ್ಲೇ ಕುಡಿದು, ಒವಚೊಮೊದ ಕೆಳಗೆ ಹೋಗಿ ಕುಳಿತೆ. ಹಳ್ಳ ಆ ಸೇತುವೆಯನ್ನು ಬಿಟ್ಟು ಬೇರೆ ದಾರಿ ಹಿಡಿದು ಎಷ್ಟೋ ಕಾಲವಾಗಿದೆ.

ನಿನ್ನೆ ಹುಡುಗನ ಎರಡನೆಯ ನಕ್ಷೆ ಬಂತು. ನಕ್ಷತ್ರಗಳು ಮಾಯ, ಅವುಗಳ ಜಾಗದಲ್ಲಿ ನೀಲಿ ಚುಕ್ಕೆಗಳು, ಹೆದ್ದಾರಿ 95ರ ಉದ್ದಕ್ಕೆ ಮಾತ್ರ ಬರೀ ಗೆರೆ. 'ಮಾವ, ಎಂಟು ದಿನ ರಜೆ ಹಾಕಿದ್ದೀನಿ.' ಎಂಟಾದರೆ ಸರಿ. ಸೇಬು ತಿನ್ನಲು ಒಂದು ದಿನ ಸಿಗುತ್ತದೆ.